ಮೇಲಿನ ಕೋಣೆಯ ಪ್ರಿಂಟರ್, ಕೆಳಗಿನ ಲ್ಯಾಪ್‌ಟಾಪ್: ಮನೆಯ ಜಾಲದಲ್ಲಿ ಪ್ರಿಂಟ್ ನಿಂತುಹೋದರೆ ದೋಷ ಹುಡುಕುವ ಬಗೆ

ನಮ್ಮ ಮನೆಯ ಪ್ರಿಂಟರ್ ಇರುವುದು ಮಹಡಿಯ ಮೇಲೆ, ನನ್ನ ಕೋಣೆಯಲ್ಲಿ. ಕಪ್ಪುಬಿಳುಪಿನ ಹಳೆಯ ಲೇಸರ್ ಪ್ರಿಂಟರ್ ಅದು. ವೈಫೈ ಇಲ್ಲ, ಹಿಂಬದಿಯಲ್ಲಿ ಯುಎಸ್‌ಬಿ ಕೇಬಲ್ ಸಿಕ್ಕಿಸಲು ಒಂದು ಕಿಂಡಿ ಇದೆ, ಅಷ್ಟೇ. ಆ ಕೇಬಲ್ ನನ್ನ ವಿಂಡೋಸ್ 10 ಡೆಸ್ಕ್‌ಟಾಪಿಗೆ ಹೋಗುತ್ತದೆ. ಅಪ್ಪನ ವಿಂಡೋಸ್ 11 ಲ್ಯಾಪ್‌ಟಾಪ್ ಕೆಳಗಿನ ಪಡಸಾಲೆಯಲ್ಲಿರುತ್ತದೆ. ನಿವೃತ್ತರಾದ ಮೇಲೆ ಅವರು ಬಡಾವಣೆಯ ನಿವಾಸಿಗಳ ಸಂಘದ ಕೆಲಸ ನೋಡಿಕೊಳ್ಳುತ್ತಾರೆ. ಸಭೆಯ ನಡಾವಳಿ, ನಗರಸಭೆಗೆ ಕೊಡುವ ಮನವಿ, ತಿಂಗಳ ಜಮಾಖರ್ಚು ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡುತ್ತಾರೆ. ಕೆಳಗೆ ಕುಳಿತು ಪ್ರಿಂಟ್ ಕೊಟ್ಟರೆ ಮೇಲೆ ಕಾಗದ ಬರುವಂತೆ ನಾನು ಪ್ರಿಂಟರನ್ನು ಜಾಲದಲ್ಲಿ ಹಂಚಿಕೊಟ್ಟಿದ್ದೆ. ಬಹಳ ಕಾಲ ಅದು ತೊಂದರೆ ಕೊಡದೆ ನಡೆಯಿತು.

ಮನೆಗೆ ಹೊಸ ಫೈಬರ್ ಇಂಟರ್ನೆಟ್ ಹಾಕಿಸಿದ ದಿನದಿಂದ ಅದು ನಿಂತುಹೋಯಿತು. ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿನ ಚಿತ್ರ ಮಸುಕಾಗಿ, ಪಕ್ಕದಲ್ಲಿ 'ಆಫ್‌ಲೈನ್' ಎಂದು ಬರುತ್ತಿತ್ತು. ಅಪ್ಪ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮಂಡಿ ನೋವಿನ ಕಾಲಿನಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ಬಂದರು. ನನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಕನ್ನಡವೇ ಇಲ್ಲ! ಪುಟದ ತುಂಬ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ' ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆಗಳು. ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೆಯೇ ಕಾಣುತ್ತದೆ. ನಮ್ಮ ಮನೆಗೆ ಪ್ರಿಂಟರ್ ಹಂಚಿಕೆ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ. ಹಂಚಿಕೆ ಇದ್ದರೆ ಫಾಂಟ್ ಇರುವ ಲ್ಯಾಪ್‌ಟಾಪಿನಲ್ಲೇ ಪುಟ ಸಿದ್ಧವಾಗುತ್ತದೆ, ಮೇಲಿನ ಕಂಪ್ಯೂಟರಿಗೆ ನುಡಿಯ ಹಂಗು ಇರುವುದಿಲ್ಲ. ನಿಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇದ್ದು, ದೋಷ ಸರಿಹೋಗುವವರೆಗೆ ಕೆಲಸ ನಿಲ್ಲಬಾರದು ಎಂದಿದ್ದರೆ ಕಡತವನ್ನು ಪಿಡಿಎಫ್ ಮಾಡಿ ಒಯ್ಯಿರಿ. ಅಕ್ಷರಗಳು ಅದರೊಳಗೇ ಅಡಕವಾಗಿ ಹೋಗುತ್ತವೆ.

ಮೊದಲ ಎರಡು ಸಂಜೆಗಳನ್ನು ನಾನು ಡ್ರೈವರ್, ಎಂದರೆ ಪ್ರಿಂಟರನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ, ಅದನ್ನು ತೆಗೆದು ಮತ್ತೆ ಹಾಕುವುದರಲ್ಲೇ ಕಳೆದೆ. ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ನೆನ್ನೆಯವರೆಗೆ ಕೆಲಸ ಮಾಡುತ್ತಿದ್ದ ಡ್ರೈವರ್ ರಾತ್ರೋರಾತ್ರಿ ಕೆಡುವುದು ಅಪರೂಪ. ನಿಂತ ದಿನ ಮನೆಯಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಂಡಿದ್ದರೆ ಆ ಎರಡು ಸಂಜೆಗಳು ಉಳಿಯುತ್ತಿದ್ದವು. ಹೊಸ ರೌಟರ್ ಬಂತೇ? ವಿಂಡೋಸ್ ಅಪ್‌ಡೇಟ್ ಆಯಿತೇ? ಪಾಸ್‌ವರ್ಡ್ ಬದಲಾಯಿತೇ? ಕಸ ಗುಡಿಸುವಾಗ ಯಾರಾದರೂ ಕೇಬಲ್ ಕಿತ್ತು ಬೇರೆ ಕಿಂಡಿಗೆ ಹಾಕಿದರೇ? ಈ ನಾಲ್ಕರಲ್ಲಿ ಒಂದಕ್ಕೆ 'ಹೌದು' ಎಂಬ ಉತ್ತರ ಸಿಕ್ಕರೆ ನೇರವಾಗಿ ಆ ಭಾಗಕ್ಕೆ ಹೋಗಿ. ಯಾವುದೂ ಇಲ್ಲವಾದರೆ ಕಾಗದ ಹೊರಬರುವ ಕಡೆಯಿಂದ ಹಿಂದಕ್ಕೆ ನಡೆಯುತ್ತ ಬನ್ನಿ.

ಹಿಂದಕ್ಕೆ ನಡೆಯುವುದು ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಅಪ್ಪ ಪ್ರಿಂಟ್ ಒತ್ತಿದಾಗ ಪುಟವು ಮೊದಲು ಅವರ ಲ್ಯಾಪ್‌ಟಾಪಿನ ಸ್ಪೂಲರಿಗೆ ಹೋಗುತ್ತದೆ. ಸ್ಪೂಲರ್ ಎಂದರೆ ಪ್ರಿಂಟಿಗೆ ಬಂದ ಕೆಲಸಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದಾಗಿ ಕಳಿಸುವ ವ್ಯವಸ್ಥೆ. ಅಲ್ಲಿಂದ ವೈಫೈ ಮೂಲಕ ರೌಟರಿಗೆ, ರೌಟರಿನಿಂದ ನನ್ನ ಡೆಸ್ಕ್‌ಟಾಪಿಗೆ. ಅಲ್ಲಿ ಬಾಗಿಲಲ್ಲಿ ಫೈರ್‌ವಾಲ್ ತಡೆಯುತ್ತದೆ, ಒಳಗೆ ಬಿಟ್ಟ ಮೇಲೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಡೆಸ್ಕ್‌ಟಾಪಿನ ಸ್ಪೂಲರ್, ಕೊನೆಗೆ ಯುಎಸ್‌ಬಿ ಕೇಬಲ್, ಪ್ರಿಂಟರ್. ಈ ದಾರಿಯಲ್ಲಿ ಯಾವ ಮೆಟ್ಟಿಲು ಮುರಿದಿದ್ದರೂ ಲ್ಯಾಪ್‌ಟಾಪ್ ತೋರಿಸುವ ಸಂದೇಶ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಂದೇಶವನ್ನು ನೆಚ್ಚಿಕೊಳ್ಳದೆ ಮೆಟ್ಟಿಲುಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕು. ಒಂದು ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಇನ್ನೊಂದು. ಐದು ಸೆಟ್ಟಿಂಗುಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂಬುದು ತಿಳಿಯದೆ ಹೋಗುತ್ತದೆ.

ಪ್ರಿಂಟರ್ ಜೋಡಿಸಿರುವ ಕಂಪ್ಯೂಟರಿನಿಂದಲೇ ಒಂದು ಪುಟ

ಮೇಲಿನ ಡೆಸ್ಕ್‌ಟಾಪಿನಲ್ಲಿ ಕುಳಿತು ಪರೀಕ್ಷಾ ಪುಟವೊಂದನ್ನು ತೆಗೆಯಿರಿ. ಅದು ಬರದಿದ್ದರೆ ಜಾಲದ ಮಾತು ಆಮೇಲೆ. ಕಾಗದ ಸಿಕ್ಕಿಕೊಂಡಿದೆಯೇ, ಟೋನರ್ ಮುಗಿದಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಕಾಣದೆ ಕಾಡುವವು ಎರಡು.

ಒಂದು, ಸಾಲಿನಲ್ಲಿ ಮೊದಲು ನಿಂತ ಕೆಲಸ ಕೆಟ್ಟು ಹಿಂದಿನ ಎಲ್ಲವನ್ನೂ ತಡೆದಿರುವುದು. 'ಕ್ಯಾನ್ಸಲ್' ಒತ್ತಿದರೂ ಅದು 'ಡಿಲೀಟಿಂಗ್' ಎಂದು ತೋರಿಸುತ್ತ ಹಾಗೆಯೇ ಕುಳಿತಿರುತ್ತದೆ. ಆಗ 'ಸರ್ವೀಸಸ್' ತೆರೆದು 'ಪ್ರಿಂಟ್ ಸ್ಪೂಲರ್' ಅನ್ನು ನಿಲ್ಲಿಸಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿರುವ ಕಡತಗಳನ್ನು ಅಳಿಸಿ, ಫೋಲ್ಡರನ್ನು ಮಾತ್ರ ಹಾಗೆಯೇ ಬಿಡಿ. ಸ್ಪೂಲರನ್ನು ಮತ್ತೆ ಚಾಲೂ ಮಾಡಿ. ಇದೇ ಕೆಲಸವನ್ನು ಕೆಳಗಿನ ಲ್ಯಾಪ್‌ಟಾಪಿನಲ್ಲೂ ಮಾಡಬೇಕಾಗಬಹುದು, ಏಕೆಂದರೆ ಸಾಲು ಎರಡೂ ಕಡೆ ಇರುತ್ತದೆ.

ಇನ್ನೊಂದು ಹೆಚ್ಚು ಮೋಸದ್ದು. ಯುಎಸ್‌ಬಿ ಕೇಬಲನ್ನು ಒಂದು ಕಿಂಡಿಯಿಂದ ತೆಗೆದು ಪಕ್ಕದ ಕಿಂಡಿಗೆ ಹಾಕಿದರೆ ಎಷ್ಟೋ ಪ್ರಿಂಟರುಗಳನ್ನು ವಿಂಡೋಸ್ ಹೊಸದೆಂದೇ ಭಾವಿಸುತ್ತದೆ. ಹಳೆಯ ಹೆಸರಿನ ಮುಂದೆ 'ಕಾಪಿ 1' ಎಂದು ಸೇರಿಸಿ ಇನ್ನೊಂದು ಪ್ರಿಂಟರನ್ನು ಪಟ್ಟಿಗೆ ಹಾಕುತ್ತದೆ. ಡೆಸ್ಕ್‌ಟಾಪಿನಿಂದ ಪ್ರಿಂಟ್ ಕೊಟ್ಟರೆ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅದು ಹೊಸ ನಮೂದಿಗೆ ಹೋಗುತ್ತಿದೆ. ಹಂಚಿಕೆ ಮಾತ್ರ ಈಗ ಸತ್ತಿರುವ ಹಳೆಯ ನಮೂದಿನ ಮೇಲೆಯೇ ಉಳಿದಿರುತ್ತದೆ. ಕೇಬಲನ್ನು ಹಿಂದಿನ ಕಿಂಡಿಗೇ ಹಾಕಿದರೆ ಸಾಕು. ಕಿಂಡಿಯ ಪಕ್ಕ ಒಂದು ಚುಕ್ಕೆ ಬಣ್ಣ ಹಚ್ಚಿ ಗುರುತು ಮಾಡಿಬಿಡಿ.

ಹಂಚಿಕೆಯನ್ನು ಇಲ್ಲಿಯೇ ಒಮ್ಮೆ ನೋಡಿಕೊಳ್ಳಿ. ಪ್ರಿಂಟರಿನ 'ಪ್ರಿಂಟರ್ ಪ್ರಾಪರ್ಟೀಸ್' ತೆರೆದು 'ಶೇರಿಂಗ್' ಪುಟದಲ್ಲಿ 'ಶೇರ್ ದಿಸ್ ಪ್ರಿಂಟರ್' ಗುರುತು ಇರಬೇಕು. ಹಂಚಿಕೆಯ ಹೆಸರು ಚಿಕ್ಕದಾಗಿ, ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಇರಲಿ. ವಿಂಡೋಸ್ ತಾನಾಗಿ ಇಡುವ ಉದ್ದ ಹೆಸರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ಟೈಪ್ ಮಾಡುವುದೇ ಕಷ್ಟ.

ಎರಡೂ ಒಂದೇ ಜಾಲದಲ್ಲಿವೆಯೇ?

ನಮ್ಮ ಮನೆಯ ದೋಷ ಇದ್ದದ್ದು ಇಲ್ಲಿ. ನನಗೆ ಗೊತ್ತಿರುವ ಬೇರೆ ಮನೆಗಳಲ್ಲೂ ಬಹುಪಾಲು ಇಲ್ಲಿಯೇ ಇತ್ತು. 'ಎರಡೂ ವೈಫೈಗೆ ಸೇರಿವೆ, ಎರಡರಲ್ಲೂ ಇಂಟರ್ನೆಟ್ ಬರುತ್ತಿದೆ, ಹಾಗಾದರೆ ಒಂದೇ ಜಾಲ' ಎಂದು ನಾವು ತಿಳಿದುಕೊಳ್ಳುತ್ತೇವೆ. ಅದು ತಪ್ಪು.

ಎರಡೂ ಕಂಪ್ಯೂಟರುಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 'ಐಪಿವಿ4 ಅಡ್ರೆಸ್' ಎಂಬ ಸಾಲಿನ ಎದುರು ಬರುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಕಾಗದದಲ್ಲಿ ಹೀಗಿತ್ತು: ಮೇಲಿನ ಡೆಸ್ಕ್‌ಟಾಪ್ 192.168.0.104, ಕೆಳಗಿನ ಲ್ಯಾಪ್‌ಟಾಪ್ 192.168.1.7. ಮನೆಯ ರೌಟರುಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆಗಳು ಜಾಲದ ಗುರುತು, ಕೊನೆಯದು ಯಂತ್ರದ ಗುರುತು. ಮೂರನೆಯ ಸಂಖ್ಯೆ ಒಂದರಲ್ಲಿ 0, ಇನ್ನೊಂದರಲ್ಲಿ 1. ಅಂದರೆ ಒಂದೇ ಸೂರಿನಡಿ ಎರಡು ಬೇರೆ ಬೇರೆ ಜಾಲಗಳು. ಎರಡು ಸಂಜೆ ಹುಡುಕಿದ ದೋಷ ಆ ಒಂದು ಅಂಕಿಯಲ್ಲಿತ್ತು.

ಹೀಗೇಕಾಯಿತು ಎಂದರೆ, ಫೈಬರಿನೊಂದಿಗೆ ಬಂದ ಪೆಟ್ಟಿಗೆಯೇ ಒಂದು ರೌಟರ್. ಅದನ್ನು ಕೆಳಗೆ ಬಾಗಿಲ ಪಕ್ಕ ಗೋಡೆಗೆ ಹಾಕಿದರು. ಕಾಂಕ್ರೀಟ್ ತಾರಸಿ ದಾಟಿ ಅದರ ವೈಫೈ ಮೇಲಕ್ಕೆ ಸರಿಯಾಗಿ ಬರುವುದಿಲ್ಲವೆಂದು ನನ್ನ ಹಳೆಯ ರೌಟರನ್ನು ಮೇಲೆಯೇ ಉಳಿಸಿಕೊಂಡು, ಕೆಳಗಿನಿಂದ ಒಂದು ಕೇಬಲ್ ಎಳೆದು ಹೊರಗಿನ ಇಂಟರ್ನೆಟ್ ಒಳಬರುವ ಅದರ 'ವ್ಯಾನ್' ಕಿಂಡಿಗೆ ಸಿಕ್ಕಿಸಿದೆವು. ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿ ಬಂತು. ಆದರೆ ಮೇಲಿನ ರೌಟರ್ ತನ್ನ ಹಿಂದೆ ತನ್ನದೇ ಜಾಲವನ್ನು ಕಟ್ಟಿಕೊಂಡಿತು. ರೌಟರಿನ ಸ್ವಭಾವವೇ ಅದು. ಒಳಗಿನವರು ಹೊರಗೆ ಹೋಗುವುದಾದರೆ ಬಿಡುತ್ತದೆ, ಹೊರಗಿನವರು ಕರೆಯದೆ ಬಂದರೆ ಬಾಗಿಲು ತೆರೆಯುವುದಿಲ್ಲ. ನನ್ನ ಡೆಸ್ಕ್‌ಟಾಪಿನ ಪಾಲಿಗೆ ಅಪ್ಪನ ಲ್ಯಾಪ್‌ಟಾಪ್ ಈಗ ಹೊರಗಿನವರಾಗಿತ್ತು.

ಇದನ್ನು ಖಚಿತಪಡಿಸಿಕೊಳ್ಳಲು, ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕರೆದು ನೋಡುವ 'ಪಿಂಗ್' ಆಜ್ಞೆ ಸಾಕು. ಮೇಲಿನಿಂದ ಕೆಳಗಿನ ಪೆಟ್ಟಿಗೆಯ ವಿಳಾಸವಾದ 192.168.1.1ಕ್ಕೆ ಪಿಂಗ್ ಮಾಡಿದೆ. ನಾಲ್ಕಕ್ಕೆ ನಾಲ್ಕು ಉತ್ತರ ಬಂದವು. ಕೆಳಗಿನಿಂದ ಮೇಲಿನ ರೌಟರಿನ 192.168.0.1ಕ್ಕೆ ಮಾಡಿದೆ, 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ನಾಲ್ಕು ಸಲ. ಒಂದು ದಿಕ್ಕಿಗೆ ಹೋಗಿ ಇನ್ನೊಂದು ದಿಕ್ಕಿಗೆ ಹೋಗದಿದ್ದರೆ ನಡುವೆ ಎರಡನೆಯ ರೌಟರ್ ಕುಳಿತಿದೆ ಎಂದು ಬಲವಾಗಿ ಶಂಕಿಸಿ. ಇಲ್ಲಿ ಒಂದು ಎಚ್ಚರಿಕೆಯಿದೆ: ಪಿಂಗ್ ಮಾಡುವಾಗ ರೌಟರಿಗೇ ಮಾಡಿ. ವಿಂಡೋಸ್ ಕಂಪ್ಯೂಟರಿಗೆ ಮಾಡಿದರೆ ಅದರ ಫೈರ್‌ವಾಲ್ ಉತ್ತರ ಕೊಡದಂತೆ ತಡೆದಿರಬಹುದು, ನೀವು ಜಾಲವೇ ಇಲ್ಲವೆಂದು ತಪ್ಪು ತಿಳಿಯುತ್ತೀರಿ.

ಪರಿಹಾರವೆಂದರೆ ಮೇಲಿನ ರೌಟರ್ ರೌಟರಿನ ಕೆಲಸ ಬಿಟ್ಟು ಬರಿಯ ವೈಫೈ ಹಂಚುವ ಕೆಲಸ ಮಾಡಬೇಕು. ಈಚಿನ ಹೆಚ್ಚಿನ ರೌಟರುಗಳ ಸೆಟ್ಟಿಂಗಿನಲ್ಲಿ 'ಆಪರೇಷನ್ ಮೋಡ್' ಎಂದಿರುತ್ತದೆ. ಅದನ್ನು 'ಆಕ್ಸೆಸ್ ಪಾಯಿಂಟ್' ಎಂದು ಬದಲಿಸಿದರೆ ಮುಗಿಯಿತು. ನನ್ನ ಹಳೆಯ ರೌಟರಿನಲ್ಲಿ ಆ ಆಯ್ಕೆ ಇರಲಿಲ್ಲ. ಇಲ್ಲದವರು ಕೈಯಿಂದಲೇ ಮಾಡಬೇಕು. ಮೊದಲು ಕೆಳಗಿನಿಂದ ಬಂದ ಕೇಬಲನ್ನು ಬಿಚ್ಚಿ, ಕಂಪ್ಯೂಟರನ್ನು ಮೇಲಿನ ರೌಟರಿಗೆ ಕೇಬಲಿನಿಂದಲೇ ಜೋಡಿಸಿ. ರೌಟರಿನ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿದರೆ ತೆರೆಯುವ ಪುಟದಲ್ಲಿ 'ಡಿಎಚ್‌ಸಿಪಿ ಸರ್ವರ್' ಎಂಬುದನ್ನು ಆಫ್ ಮಾಡಿ. ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ ಅದರದು, ಮನೆಗೆ ಒಂದೇ ಇರಬೇಕು. ಆಮೇಲೆ ರೌಟರಿನ ಸ್ವಂತ ವಿಳಾಸವನ್ನು ಕೆಳಗಿನ ಜಾಲಕ್ಕೆ ಹೊಂದುವಂತೆ, ಬೇರೆ ಯಾವ ಯಂತ್ರಕ್ಕೂ ಸಿಗದ ಸಂಖ್ಯೆಗೆ ಬದಲಿಸಿ. ನಾನು 192.168.1.2 ಕೊಟ್ಟೆ. ಕೊನೆಯಲ್ಲಿ ಕೆಳಗಿನಿಂದ ಬಂದ ಕೇಬಲನ್ನು 'ವ್ಯಾನ್' ಕಿಂಡಿಯ ಬದಲು ಪಕ್ಕದ, ಮನೆಯೊಳಗಿನ ಯಂತ್ರಗಳಿಗೆಂದಿರುವ 'ಲ್ಯಾನ್' ಕಿಂಡಿಗೆ ಹಾಕಿ. ಎಷ್ಟೋ ರೌಟರುಗಳಲ್ಲಿ ವ್ಯಾನ್ ಕಿಂಡಿಗೆ ಬೇರೆ ಬಣ್ಣ ಇರುತ್ತದೆ, ಹುಡುಕುವುದು ಕಷ್ಟವಲ್ಲ. ಎರಡೂ ಕಂಪ್ಯೂಟರುಗಳನ್ನು ಒಮ್ಮೆ ಆರಿಸಿ ಹಾಕಿದ ಮೇಲೆ ಐಪಿಕಾನ್ಫಿಗ್ ನೋಡಿದರೆ ಡೆಸ್ಕ್‌ಟಾಪ್ 192.168.1.9 ಆಗಿತ್ತು.

ಎರಡು ರೌಟರ್ ಇಲ್ಲದ ಮನೆಯಲ್ಲೂ ಜಾಲ ಒಡೆದಿರಬಹುದು. ಒಬ್ಬರು ಅತಿಥಿಗಳಿಗೆಂದು ಇಟ್ಟ 'ಗೆಸ್ಟ್' ವೈಫೈಗೆ ಸೇರಿದ್ದರೆ ಸಾಮಾನ್ಯವಾಗಿ ಅಲ್ಲಿಂದ ಮನೆಯ ಬೇರೆ ಯಂತ್ರಗಳು ಕಾಣುವುದಿಲ್ಲ; ಅದನ್ನು ಮಾಡಿರುವುದೇ ಹಾಗೆ. ರೌಟರಿನಲ್ಲಿ 'ಎಪಿ ಐಸೊಲೇಷನ್', ಎಂದರೆ ವೈಫೈಗೆ ಸೇರಿದ ಯಂತ್ರಗಳನ್ನು ಒಂದರಿಂದೊಂದು ಬೇರ್ಪಡಿಸುವ ಸೆಟ್ಟಿಂಗ್, ಚಾಲೂ ಇದ್ದರೂ ಅದೇ ಫಲ. ಕಚೇರಿಯ ಜಾಲಕ್ಕೆ ದೂರದಿಂದ ಸೇರಿಸುವ ವಿಪಿಎನ್ ಹಾಕಿಕೊಂಡ ಲ್ಯಾಪ್‌ಟಾಪ್ ಮನೆಯ ಪ್ರಿಂಟರನ್ನು ನೋಡದಿರುವುದು ಸಾಮಾನ್ಯ. ವಿಪಿಎನ್ ಬಿಚ್ಚಿ ನೋಡಿ. ವಿಳಾಸ 169.254 ಎಂದು ಶುರುವಾದರೆ ಆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಬಾಗಿಲು ತೆರೆದಿದೆಯೇ?

ಜಾಲ ಒಂದಾದ ಮೇಲೂ ನಮ್ಮ ಮನೆಯಲ್ಲಿ ಪ್ರಿಂಟ್ ಬರಲಿಲ್ಲ. ವಿಂಡೋಸಿನ ಕಣ್ಣಿಗೆ ರೌಟರ್ ಬದಲಾದರೆ ಜಾಲವೂ ಹೊಸದು. ಹೊಸ ಜಾಲವನ್ನು ವಿಂಡೋಸ್ 11 ಮೊದಲು 'ಪಬ್ಲಿಕ್' ಎಂದೇ, ಎಂದರೆ ಬಸ್ ನಿಲ್ದಾಣದ ವೈಫೈಯಂತೆ, ನೋಡುತ್ತದೆ. ವಿಂಡೋಸ್ 10ರಲ್ಲಿ ಕೇಳುವ ಪ್ರಶ್ನೆಗೆ 'ನೋ' ಒತ್ತಿದ್ದರೂ ಹಾಗೆಯೇ. ಆಗ ಹಂಚಿಕೆಯ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. 'ಸೆಟ್ಟಿಂಗ್ಸ್' ಒಳಗೆ ನೆಟ್‌ವರ್ಕ್ ಭಾಗದಲ್ಲಿ ನಿಮ್ಮ ವೈಫೈ ಹೆಸರಿನ 'ಪ್ರಾಪರ್ಟೀಸ್' ತೆರೆದು 'ಪ್ರೈವೇಟ್' ಎಂದು ಬದಲಿಸಿ. ಎರಡೂ ಕಂಪ್ಯೂಟರುಗಳಲ್ಲಿ ಬದಲಿಸಿ, ಆದರೆ ಮನೆಯ ಜಾಲಕ್ಕೆ ಮಾತ್ರ. ನಂತರ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್'ನಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಚಾಲೂ ಮಾಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದಕ್ಕೆ ಬೇರೆಯೇ ಫೈರ್‌ವಾಲ್ ಇರಬಹುದು. ಅಲ್ಲಿಯೂ ಮನೆಯ ಜಾಲವನ್ನು ನಂಬಿಕೆಯದೆಂದು ಗುರುತಿಸಬೇಕು.

ಎಕ್ಸ್‌ಪ್ಲೋರರಿನ 'ನೆಟ್‌ವರ್ಕ್' ಪಟ್ಟಿಯಲ್ಲಿ ಡೆಸ್ಕ್‌ಟಾಪಿನ ಹೆಸರು ಕಾಣಲಿಲ್ಲವೆಂದು ಹೆದರಬೇಡಿ. ಆ ಪಟ್ಟಿ ತಡವಾಗಿ ತುಂಬುತ್ತದೆ, ಕೆಲವೊಮ್ಮೆ ತುಂಬುವುದೇ ಇಲ್ಲ. ಲ್ಯಾಪ್‌ಟಾಪಿನ ಎಕ್ಸ್‌ಪ್ಲೋರರಿನ ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್, ಎಂಟರ್ ಕೀಲಿಯ ಮೇಲಿರುವುದು) ಹಾಕಿ, ಅಂಟಿಕೊಂಡಂತೆ ಡೆಸ್ಕ್‌ಟಾಪಿನ ಐಪಿ ವಿಳಾಸ ಬರೆದು ಎಂಟರ್ ಒತ್ತಿ. ಹಂಚಿದ ಪ್ರಿಂಟರ್ ಕಂಡರೆ ದಾರಿ ಸರಿಯಾಗಿದೆ. ಪಾಸ್‌ವರ್ಡ್ ಕೇಳಿದರೂ ದಾರಿ ಸರಿಯಾಗಿದೆ ಎಂದೇ ಅರ್ಥ, ಬಾಗಿಲವರೆಗೆ ಮುಟ್ಟಿದ್ದೀರಿ. 'ಹುಡುಕಲಾಗಲಿಲ್ಲ' ಎಂದರೆ ಮಾತ್ರ ಮತ್ತೆ ಫೈರ್‌ವಾಲಿಗೆ ಹಿಂದಿರುಗಬೇಕು. ಐಪಿ ವಿಳಾಸದಿಂದ ತೆರೆದು, ಕಂಪ್ಯೂಟರಿನ ಹೆಸರಿನಿಂದ ತೆರೆಯದಿದ್ದರೆ ದೋಷ ಹೆಸರು ಹುಡುಕುವ ವ್ಯವಸ್ಥೆಯಲ್ಲಿದೆ. ವಿಳಾಸ ಬದಲಾಗದಂತೆ ರೌಟರಿನಲ್ಲಿ ಕಾಯ್ದಿರಿಸಿ, ಐಪಿಯಿಂದಲೇ ಜೋಡಿಸಿಕೊಂಡರೆ ಆ ಗೋಜಲೇ ಬೇಡ.

ಅಂತರ್ಜಾಲದಲ್ಲಿ ಸಿಗುವ ಹಳೆಯ ಸಲಹೆಗಳಲ್ಲಿ 'ಹೋಮ್‌ಗ್ರೂಪ್ ಮಾಡಿ' ಎಂದಿರುತ್ತದೆ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದಲೇ ಅದನ್ನು ತೆಗೆದುಹಾಕಿದ್ದಾರೆ. ಕಡತ, ಪ್ರಿಂಟರ್ ಹಂಚಲು ಹಿಂದೆ ಬಳಸುತ್ತಿದ್ದ 'ಎಸ್‌ಎಂಬಿ 1 ಚಾಲೂ ಮಾಡಿ' ಎಂಬ ಸಲಹೆಯೂ ಉಂಟು. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಆ ಹಳೆಯ ವ್ಯವಸ್ಥೆಯ ಬಿರುಕಿನಿಂದಲೇ. ವಿಂಡೋಸ್ 10 ಮತ್ತು 11ರ ನಡುವೆ ಪ್ರಿಂಟರ್ ಹಂಚಲು ಅದು ಬೇಕಿಲ್ಲ.

ಯಾರ ಪಾಸ್‌ವರ್ಡ್?

ಲ್ಯಾಪ್‌ಟಾಪ್ ಹೆಸರು, ಪಾಸ್‌ವರ್ಡ್ ಕೇಳಿತು. ಅಪ್ಪ ತಮ್ಮ ಲ್ಯಾಪ್‌ಟಾಪಿನದನ್ನು ಹಾಕಿದರು, ಒಪ್ಪಲಿಲ್ಲ. ನಾನು ನನ್ನ ಡೆಸ್ಕ್‌ಟಾಪ್ ತೆರೆಯುವ ನಾಲ್ಕಂಕಿಯ ಪಿನ್ ಹಾಕಿದೆ, ಅದೂ ಒಪ್ಪಲಿಲ್ಲ. ಇಲ್ಲಿ ಬಹಳ ಜನ ಸೋಲುತ್ತಾರೆ. ಕೇಳುತ್ತಿರುವುದು ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿರುವ ಖಾತೆಯ ಪಾಸ್‌ವರ್ಡನ್ನು. ಪಿನ್ ಆ ಯಂತ್ರದ ಮುಂದೆ ಕುಳಿತವರಿಗಷ್ಟೇ ಕೆಲಸ ಮಾಡುತ್ತದೆ, ಜಾಲದ ಮೂಲಕ ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ಜಾಲದ ಮೂಲಕ ಬಳಸಲು ವಿಂಡೋಸ್ ಬಿಡುವುದಿಲ್ಲ.

ನನ್ನ ಸಲಹೆ: ಡೆಸ್ಕ್‌ಟಾಪಿನಲ್ಲಿ ಪ್ರಿಂಟಿಗೆಂದೇ ಒಂದು ಸ್ಥಳೀಯ ಖಾತೆ ತೆರೆಯಿರಿ. ಅಡ್ಮಿನ್ ಅಧಿಕಾರ ಕೊಡದ ಸಾಮಾನ್ಯ ಖಾತೆಯಾಗಿರಲಿ, ಗಟ್ಟಿಯಾದ ಪಾಸ್‌ವರ್ಡ್ ಇರಲಿ. ನಂತರ ಲ್ಯಾಪ್‌ಟಾಪಿನಲ್ಲಿ 'ಕ್ರೆಡೆನ್ಶಿಯಲ್ ಮ್ಯಾನೇಜರ್' ತೆರೆದು, 'ವಿಂಡೋಸ್ ಕ್ರೆಡೆನ್ಶಿಯಲ್ಸ್' ಅಡಿಯಲ್ಲಿ ಆ ಕಂಪ್ಯೂಟರಿಗೆ ಸಂಬಂಧಿಸಿದ ಹಳೆಯ ನಮೂದಿದ್ದರೆ ಅಳಿಸಿ, ಹೊಸದನ್ನು ಸೇರಿಸಿ. ಬಳಕೆದಾರರ ಹೆಸರಿನ ಜಾಗದಲ್ಲಿ ಡೆಸ್ಕ್‌ಟಾಪಿನ ಹೆಸರು, ಹಿಂದೋರೆ ಗೆರೆ, ಆಮೇಲೆ ಖಾತೆಯ ಹೆಸರು ಬರೆಯಿರಿ. ಬರಿಯ ಖಾತೆಯ ಹೆಸರು ಬರೆದರೆ ಅದು ಯಾವ ಕಂಪ್ಯೂಟರಿನ ಖಾತೆ ಎಂಬ ಗೊಂದಲಕ್ಕೆ ಎಡೆಯಾಗಬಹುದು.

'ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಬಿಡಿ' ಎಂಬುದು ಇನ್ನೊಂದು ಸುಲಭದ ದಾರಿಯೆಂದು ಹೇಳುತ್ತಾರೆ. ವೈಫೈ ಪಾಸ್‌ವರ್ಡನ್ನು ಮನೆಗೆ ಬಂದವರಿಗೆಲ್ಲ ಕೊಡುವ ನಮ್ಮ ರೂಢಿಯಲ್ಲಿ ಅದು ಸರಿಯಲ್ಲ. ಜೊತೆಗೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಂಡೋಸಿನ 'ಪ್ರೊ' ಬಗೆ ಇರುವ ಕಂಪ್ಯೂಟರುಗಳು ಇಂತಹ ಗುರುತಿಲ್ಲದ ಪ್ರವೇಶವನ್ನು ತಾವಾಗಿಯೇ ನಿರಾಕರಿಸುತ್ತವೆ.

11ಬಿ ಮತ್ತು 709

ಅಪ್‌ಡೇಟ್ ಆದ ಮರುದಿನವೇ ನಿಂತಿದ್ದರೆ, ಸಂದೇಶದ ಕೊನೆಯಲ್ಲಿರುವ ಸಂಖ್ಯೆಯನ್ನು ನೋಡಿ. 2021ರ ಜುಲೈಯಲ್ಲಿ ವಿಂಡೋಸಿನ ಸ್ಪೂಲರಿನಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂದು ಹೆಸರಾದ ದೊಡ್ಡ ಭದ್ರತಾ ದೋಷ ಬೆಳಕಿಗೆ ಬಂತು. ಪ್ರಿಂಟರ್ ಡ್ರೈವರಿನ ನೆಪದಲ್ಲಿ ದುಷ್ಟರು ಕಂಪ್ಯೂಟರಿನ ಪೂರ್ತಿ ಹಿಡಿತ ಪಡೆಯಬಹುದಿತ್ತು. ಅದನ್ನೂ ಅಂತಹ ಇತರ ಬಿರುಕುಗಳನ್ನೂ ಮುಚ್ಚಲು ಮೈಕ್ರೋಸಾಫ್ಟ್ ಒಂದರ ಮೇಲೊಂದು ಅಪ್‌ಡೇಟ್ ಕೊಟ್ಟಿತು. ಆಗಸ್ಟಿನಿಂದ ಹಂಚಿದ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಅಧಿಕಾರ ಬೇಕಾಯಿತು. ಸೆಪ್ಟೆಂಬರಿನ ಅಪ್‌ಡೇಟಿನಿಂದ ಎರಡು ಕಂಪ್ಯೂಟರುಗಳ ನಡುವಿನ ಪ್ರಿಂಟ್ ಮಾತುಕತೆ ಕಡ್ಡಾಯವಾಗಿ ಗೂಢಲಿಪಿಯಲ್ಲಿ ನಡೆಯಬೇಕಾಯಿತು. ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ದರೆ 11ಬಿ ಎಂಬ ದೋಷ ಕಾಣಿಸಿಕೊಂಡಿತು. 709 ಕೂಡ ಆ ಕಾಲದ ಅಪ್‌ಡೇಟುಗಳ ಸುತ್ತಮುತ್ತಲೇ ವ್ಯಾಪಕವಾದದ್ದು. ಇಂದಿಗೂ ಹಳೆಯ, ಹೊಸ ವಿಂಡೋಸ್ ಒಟ್ಟಿಗಿರುವ ಮನೆಗಳಲ್ಲಿ ಇವೆರಡೂ ಕಾಣುತ್ತವೆ.

ಮೊದಲ ಕೆಲಸ ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಅಪ್‌ಡೇಟ್ ಮಾಡುವುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಅದರ ನಂತರವೂ ದೋಷ ಉಳಿದರೆ ನೋಂದಣಿಯಲ್ಲಿ, ಎಂದರೆ ರಿಜಿಸ್ಟ್ರಿಯಲ್ಲಿ, ಒಂದು ಸಂಖ್ಯೆ ಸೇರಿಸಿ ಆ ಗೂಢಲಿಪಿಯ ಕಡ್ಡಾಯವನ್ನೇ ತೆಗೆಯುವ ಉಪಾಯ ಎಲ್ಲೆಡೆ ಸಿಗುತ್ತದೆ. ಅದು ಕೆಲಸ ಮಾಡುತ್ತದೆ. ಮುಚ್ಚಿದ ಬಿರುಕನ್ನು ಮತ್ತೆ ತೆರೆದು ಮಾಡುತ್ತದೆ. ನಾನು ಮಾಡುವುದಿಲ್ಲ.

ಅದಕ್ಕೆ ಮೊದಲು ಹೀಗೆ ಮಾಡಿ ನೋಡಿ. ತಯಾರಕರ ಜಾಲತಾಣದಿಂದ ಡ್ರೈವರನ್ನು ಇಳಿಸಿಕೊಂಡು, ಅಡ್ಮಿನ್ ಖಾತೆಯಲ್ಲಿ ಲ್ಯಾಪ್‌ಟಾಪಿನಲ್ಲೇ ಹಾಕಿಡಿ. ಹೊಸ ಪ್ರಿಂಟರ್ ಸೇರಿಸುವಾಗ ಕೈಯಿಂದ ಸೇರಿಸುವ ಆಯ್ಕೆ ಹಿಡಿದು, ಸ್ಥಳೀಯ ಪ್ರಿಂಟರ್ ಎಂದು ಹೇಳಿ, ಹೊಸ 'ಲೋಕಲ್ ಪೋರ್ಟ್' ರಚಿಸಿ. ಪೋರ್ಟಿನ ಹೆಸರು ಕೇಳಿದಾಗ ಎರಡು ಹಿಂದೋರೆ ಗೆರೆ, ಡೆಸ್ಕ್‌ಟಾಪಿನ ಹೆಸರು, ಮತ್ತೊಂದು ಹಿಂದೋರೆ ಗೆರೆ, ಹಂಚಿಕೆಯ ಹೆಸರು ಬರೆಯಿರಿ. ಚಿಕ್ಕ ಹೆಸರಿಡಿ ಎಂದು ಹಿಂದೆ ಹೇಳಿದ್ದು ಇದಕ್ಕಾಗಿಯೇ. ಡ್ರೈವರ್ ಪಟ್ಟಿಯಲ್ಲಿ ನೀವು ಹಾಕಿಟ್ಟದ್ದನ್ನು ಆರಿಸಿ. ಲ್ಯಾಪ್‌ಟಾಪ್ ಈಗ ಡೆಸ್ಕ್‌ಟಾಪಿನಿಂದ ಡ್ರೈವರನ್ನು ಬೇಡುವುದಿಲ್ಲ, ಸಿದ್ಧವಾದ ಪುಟವನ್ನು ಅಲ್ಲಿಗೆ ದಾಟಿಸುತ್ತದೆ ಅಷ್ಟೇ. ಅನೇಕ ಮನೆಗಳಲ್ಲಿ 11ಬಿ ಇಷ್ಟಕ್ಕೇ ಹೋಗುತ್ತದೆ.

ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಕಂಪ್ಯೂಟರುಗಳ ನಡುವಿನ ಪ್ರಿಂಟ್ ಸಂಪರ್ಕದ ಬಗೆಯೂ ಬದಲಾಗಿದೆ. ಹಿಂದಿನ 'ನೇಮ್ಡ್ ಪೈಪ್' ಬದಲು ನೇರ ಟಿಸಿಪಿ ಸಂಪರ್ಕ ಬಂದಿದೆ. 24ಎಚ್2ಗೆ ಏರಿದ ಕೂಡಲೇ ಅಥವಾ 22ಎಚ್2 ಬಂದ ಕೂಡಲೇ ತೊಂದರೆ ಶುರುವಾಗಿದ್ದರೆ, ಪ್ರೊ ಇರುವವರು ವಿಂಡೋಸಿನ ನಿಯಮಗಳನ್ನು ಬದಲಿಸುವ 'ಗ್ರೂಪ್ ಪಾಲಿಸಿ'ಯ ಪ್ರಿಂಟರ್ಸ್ ಭಾಗದಲ್ಲಿ 'ಆರ್‌ಪಿಸಿ' (ಈ ಸಂಪರ್ಕಕ್ಕೆ ಅಲ್ಲಿರುವ ಹೆಸರು) ಸೆಟ್ಟಿಂಗನ್ನು ನೋಡಬಹುದು.

ಪ್ರಿಂಟರಿಗೇ ವೈಫೈ ಇದ್ದರೆ

ಆಗ ಕಂಪ್ಯೂಟರುಗಳ ನಡುವೆ ಹಂಚುವ ಗೊಡವೆ ಬೇಡ, ಎರಡೂ ನೇರವಾಗಿ ಪ್ರಿಂಟರಿಗೆ ಹೋಗಲಿ. ಅಲ್ಲಿನ ತೊಂದರೆಗಳು ಬೇರೆ. ಅಗ್ಗದ ಪ್ರಿಂಟರುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್‌ನ ಹೆಸರನ್ನು ಅವುಗಳ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್ 'ಆಫ್‌ಲೈನ್' ಆಗುವುದು ನಮ್ಮ ಕಡೆ ಬಹಳ. ರೌಟರ್ ಪೂರ್ತಿ ಎದ್ದೇಳುವ ಮುನ್ನವೇ ಪ್ರಿಂಟರ್ ಎದ್ದು ವಿಳಾಸ ಕೇಳಿರುತ್ತದೆ, ಸಿಕ್ಕಿರುವುದಿಲ್ಲ; ಅಥವಾ ನೆನ್ನೆ 192.168.1.12 ಇದ್ದದ್ದು ಇಂದು 192.168.1.15 ಆಗಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಪ್ರಿಂಟರಿನಿಂದ ಅದರ ಜಾಲದ ವಿವರದ ಹಾಳೆಯನ್ನು ತೆಗೆದು ಈಗಿನ ವಿಳಾಸ ನೋಡಿ. ರೌಟರಿನಲ್ಲಿ ಆ ಪ್ರಿಂಟರಿಗೆ ಒಂದು ವಿಳಾಸವನ್ನು ಶಾಶ್ವತವಾಗಿ ಕಾಯ್ದಿರಿಸಿ. ಕಂಪ್ಯೂಟರಿನಲ್ಲಿ, ಪ್ರಿಂಟರನ್ನು ತಾನಾಗಿ ಹುಡುಕಿಕೊಳ್ಳುವ 'ಡಬ್ಲ್ಯುಎಸ್‌ಡಿ' ಪೋರ್ಟಿನ ಬದಲು 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಮಾಡಿ ಆ ವಿಳಾಸ ಕೊಡಿ. ಇಷ್ಟು ಮಾಡಿಯೂ ಪ್ರಿಂಟರ್ ಎಚ್ಚರವಿರುವಾಗಲೇ ಆಫ್‌ಲೈನ್ ಎಂದು ಕಂಡರೆ, ಆ ಪೋರ್ಟಿನ ಸೆಟ್ಟಿಂಗಿನಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್' ಎಂಬ ಗುರುತನ್ನು ತೆಗೆಯಿರಿ. ಪ್ರಿಂಟರ್ ಹೇಗಿದೆ ಎಂದು ವಿಂಡೋಸ್ ಅದರ ಮೂಲಕ ಪ್ರಶ್ನೆ ಕೇಳುತ್ತದೆ. ಪ್ರಿಂಟರ್ ಆ ಪ್ರಶ್ನೆಗೆ ಉತ್ತರಿಸದಿದ್ದರೆ ಸಾಕು, ವಿಂಡೋಸ್ ಅದನ್ನು ಸತ್ತಿದೆಯೆಂದು ತಿಳಿಯುತ್ತದೆ.

ಮೊಬೈಲಿನಿಂದ ಪ್ರಿಂಟ್ ಬೇಕೆನ್ನುವವರಿಗೆ ಒಂದು ಮಾತು: ಯುಎಸ್‌ಬಿ ಪ್ರಿಂಟರನ್ನು ವಿಂಡೋಸ್ ಮೂಲಕ ಹಂಚಿದರೆ ಅದು ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಸುಲಭವಾಗಿ ಸಿಗುತ್ತದೆ, ಮೊಬೈಲಿನ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಅದು ಬಾರದಿರುವುದು ದೋಷವಲ್ಲ.

ನಮ್ಮ ಮನೆಗೆ ಮರಳಿದರೆ

ಜಾಲ ಒಂದಾಯಿತು, ಎರಡೂ ಕಡೆ 'ಪ್ರೈವೇಟ್' ಆಯಿತು, ಪ್ರಿಂಟಿನ ಖಾತೆ ಸಿದ್ಧವಾಯಿತು. ಅಪ್ಪ ಕೆಳಗೆ ಕುಳಿತು ಮನವಿ ಪತ್ರದ ಪ್ರಿಂಟ್ ಒತ್ತಿದರು. ಮೇಲೆ ಪ್ರಿಂಟರ್ ಒಮ್ಮೆ ಗುರುಗುಟ್ಟಿ ಹಾಳೆಯನ್ನು ಒಳಗೆಳೆದುಕೊಂಡಿತು. ಒತ್ತಕ್ಷರಗಳೊಂದಿಗೆ ದುಂಡು ಕನ್ನಡ ಬಿಸಿಯಾಗಿ ಹೊರಬಂತು.

"ಬಂತೇನೋ?" ಎಂದು ಮೆಟ್ಟಿಲ ಬುಡದಿಂದ ಕೂಗಿದರು.

"ಬಂತಪ್ಪಾ. ನೀವು ಹತ್ತಬೇಡಿ, ನಾನೇ ತರುತ್ತೇನೆ."

ಮರುದಿನ ಬೆಳಿಗ್ಗೆ ಮತ್ತೆ 'ಆಫ್‌ಲೈನ್'. ಈ ಸಲ ಹುಡುಕಲು ಎರಡು ನಿಮಿಷ ಸಾಕಾಯಿತು. ಯಾರೂ ಮುಟ್ಟದೆ ಅರ್ಧ ಗಂಟೆಯಾದರೆ ನನ್ನ ಡೆಸ್ಕ್‌ಟಾಪ್ ನಿದ್ರೆಗೆ ಜಾರುವಂತೆ ಇಟ್ಟಿದ್ದೆ, ಪ್ರಿಂಟರ್ ಅದರ ಬೆನ್ನಿಗೆ ಕಟ್ಟಿಕೊಂಡಿರುವುದರಿಂದ ಅದು ಮಲಗಿದರೆ ಇದೂ ಮಲಗಿದಂತೆ. 'ಪವರ್' ಸೆಟ್ಟಿಂಗಿನಲ್ಲಿ 'ಸ್ಲೀಪ್' ಎದುರು 'ನೆವರ್' ಎಂದು ಹಾಕಿ, ಪರದೆ ಮಾತ್ರ ಆರುವಂತೆ ಬಿಟ್ಟೆ. ರಾತ್ರಿ ಮಲಗುವ ಮುನ್ನ ಕಂಪ್ಯೂಟರನ್ನು ಆರಿಸುತ್ತೇನೆ, ಬೆಳಿಗ್ಗೆ ಕಾಫಿಗೆ ಇಳಿಯುವ ಮುನ್ನ ಹಾಕುತ್ತೇನೆ.